ವಾಹನಗಳ ವಾಪಸು ಕರೆ: ಕಾರಿನ ಮಾಲೀಕರು ಅರಿತಿರಬೇಕಾದ ವಿಷಯಗಳು

ಒಂದು ಕಾಲಕ್ಕೆ ಮೋಟಾರು ಕಾರು ಕೇವಲ ಸಿರಿವಂತರ ಸೊತ್ತಾಗಿತ್ತು. ಇಂದು ಅದು ಮಧ್ಯಮ ವರ್ಗದ ಅನೇಕ ಕುಟುಂಬಗಳಲ್ಲಿ ಮನೆಯ ಒಬ್ಬ ಸದಸ್ಯನಂತೆಯೇ ಆಗಿದೆ. ಮನೆಯನ್ನು ಬಿಟ್ಟರೆ ಸಾಮಾನ್ಯ ಗೃಹಸ್ಥನು ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಖರೀದಿ ಎಂದರೆ ಕಾರೇ ಸರಿ. ಕೊಳ್ಳುವ ಮುನ್ನ ಬಣ್ಣವನ್ನು ವಿಚಾರಿಸುತ್ತೇವೆ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುತ್ತೇವೆ, ತಿಂಗಳ ಕಂತನ್ನು ಲೆಕ್ಕ ಹಾಕುತ್ತೇವೆ. ಕೊಂಡ ದಿನ ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿಸಿ ಮನೆಗೆ ತರುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಕೇಳುವವರು ಬಹು ವಿರಳ: "ಈ ವಾಹನದಲ್ಲಿ ದೋಷವಿದೆಯೆಂದು ನಾಳೆ ತಯಾರಕರಿಗೇ ತಿಳಿದುಬಂದರೆ, ಅವರು ಅದನ್ನು ನನಗೆ ಹೇಗೆ ತಿಳಿಸುತ್ತಾರೆ?"

ಆರೋಗ್ಯ ಎಂದೊಡನೆ ನಮಗೆ ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳು ನೆನಪಾಗುತ್ತವೆ. ರಸ್ತೆ ಅಪಘಾತವೂ ಆರೋಗ್ಯದ ಪ್ರಶ್ನೆಯೇ ಎಂಬುದನ್ನು ಮರೆಯುತ್ತೇವೆ. ಕೇಂದ್ರ ಸರ್ಕಾರದ ವರದಿಯಂತೆ 2022ನೆಯ ಇಸವಿಯೊಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಲ್ಲಿ ಬಹುಪಾಲು ಅತಿವೇಗ ಮತ್ತು ಅಜಾಗರೂಕತೆಯ ಫಲವೆಂಬುದು ನಿಜ. ವಾಹನದ ತಯಾರಿಕೆಯ ದೋಷದಿಂದ ಆಗುವ ಸಾವುಗಳ ಪಾಲು ಚಿಕ್ಕದು. ಆದರೆ ಆ ಚಿಕ್ಕ ಪಾಲಿಗೆ ಒಂದು ವಿಶೇಷವಿದೆ. ದೋಷ ಪತ್ತೆಯಾಗಿ ತಯಾರಕರು ಕರೆ ಕೊಟ್ಟ ಮೇಲೆ ಅದನ್ನು ಬಿಡಿಗಾಸಿನ ಖರ್ಚಿಲ್ಲದೆ ನಿವಾರಿಸಿಕೊಳ್ಳಬಹುದು. ಕರೆ ಮಾಲೀಕನ ಕಿವಿಗೆ ಬೀಳಬೇಕು, ಅಷ್ಟೆ.

ವಾಪಸು ಕರೆ ಎಂದರೇನು?

ಮಾರಾಟವಾದ ವಾಹನಗಳ ಒಂದು ಗುಂಪಿನಲ್ಲಿ ಸುರಕ್ಷತೆಗೆ ಧಕ್ಕೆ ತರುವಂತಹ ದೋಷವಿರಬಹುದೆಂದು ಕಂಡುಬಂದಾಗ, ತಯಾರಕರು ಅವುಗಳನ್ನು ತಮ್ಮ ಕಾರ್ಯಾಗಾರಗಳಿಗೆ ಕರೆಸಿಕೊಂಡು, ಪರೀಕ್ಷಿಸಿ, ಅಗತ್ಯವಿದ್ದರೆ ಬಿಡಿಭಾಗವನ್ನು ಉಚಿತವಾಗಿ ಬದಲಿಸಿಕೊಡುವ ಕ್ರಮಕ್ಕೆ ರೀಕಾಲ್ ಎನ್ನುತ್ತಾರೆ. ನಾವು ಅದನ್ನು 'ವಾಪಸು ಕರೆ' ಎನ್ನೋಣ. ಇದು ವಾರಂಟಿಗಿಂತ ಭಿನ್ನವಾದುದು. ವಾರಂಟಿ ಒಬ್ಬ ಗ್ರಾಹಕನ ಒಂದು ವಾಹನಕ್ಕೆ ನಿಗದಿತ ಅವಧಿಯವರೆಗೆ ಕೊಡುವ ಭರವಸೆ. ವಾಪಸು ಕರೆ ಒಂದೇ ಬಗೆಯ ಸಾವಿರಾರು ವಾಹನಗಳಿಗೆ ಸಂಬಂಧಿಸಿದ ಎಚ್ಚರಿಕೆ. ವಾರಂಟಿ ಮುಗಿದಿದೆ ಎಂಬ ಕಾರಣಕ್ಕೆ ಈ ಎಚ್ಚರಿಕೆ ನಮಗಲ್ಲವೆಂದು ಭಾವಿಸಬಾರದು.

ವಾಪಸು ಕರೆಯ ಸುದ್ದಿ ಪತ್ರಿಕೆಯಲ್ಲಿ ಬಂದೊಡನೆ, "ಆ ಕಂಪೆನಿಯ ಗಾಡಿಯೇ ಸರಿಯಿಲ್ಲ" ಎಂದು ಮೂಗು ಮುರಿಯುವವರುಂಟು. ಇದು ಸಲ್ಲದು. ಬ್ಯಾಂಕಿನಲ್ಲಿ ಲೆಕ್ಕ ಪರಿಶೋಧಕರು ಬಂದು ತಪ್ಪು ತೋರಿಸಿದರೆಂದು ಯಾರೂ ಆ ಬ್ಯಾಂಕು ಮುಳುಗಿತೆಂದು ಹೇಳುವುದಿಲ್ಲ. ತಪ್ಪನ್ನು ಬಚ್ಚಿಟ್ಟಾಗಲೇ ನಿಜವಾದ ಅಪಾಯ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್ ಮತ್ತು ಎಕ್ಸ್‌ಎಲ್6 ಮಾದರಿಗಳ 1,81,754 ಪೆಟ್ರೋಲ್ ವಾಹನಗಳನ್ನು ಮೋಟಾರ್ ಜನರೇಟರ್ ಭಾಗದ ತಪಾಸಣೆಗಾಗಿ ಕರೆಯಿತು. ಅಷ್ಟೂ ವಾಹನಗಳು ಕೆಟ್ಟಿವೆ ಎಂದು ಇದರರ್ಥವಲ್ಲ. ದೋಷವಿರಬಹುದಾದ ತಂಡದಲ್ಲಿ ಅವು ತಯಾರಾಗಿವೆ ಎಂದರ್ಥ. ಬದಲಾವಣೆ ಆಗುವವರೆಗೆ ನೀರು ನಿಂತ ರಸ್ತೆಗಳಲ್ಲಿ ಚಲಾಯಿಸಬೇಡಿರಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬೇಡಿರಿ ಎಂದೂ ಸಂಸ್ಥೆ ಸೂಚಿಸಿತ್ತು. ಮಳೆಗಾಲದ ಮುಂಬಯಿಯನ್ನೂ ಚೆನ್ನೈಯನ್ನೂ ಕಂಡವರಿಗೆ ಈ ಸೂಚನೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಲೆಕ್ಕದ ಪುಸ್ತಕ ಮತ್ತು ಮನುಷ್ಯನ ಪ್ರಾಣ

ವಾಪಸು ಕರೆಗೆ ಕಾನೂನಿನ ಬಲ ಬಂದುದು ಮೊದಲಿಗೆ ಅಮೆರಿಕದಲ್ಲಿ. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಕಾರು ತಯಾರಕರ ಉದಾಸೀನತೆಯನ್ನು ಬಯಲಿಗೆಳೆದು ಬರೆದ ಗ್ರಂಥವು ದೇಶದಲ್ಲೆಲ್ಲ ಕೋಲಾಹಲವೆಬ್ಬಿಸಿತು. ಮರುವರ್ಷ, 1966ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಜಾನ್ಸನ್ನರು ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು.

ತಯಾರಕರ ವಿವೇಚನೆಗೇ ಎಲ್ಲವನ್ನೂ ಬಿಟ್ಟರೆ ಸಾಲದೇಕೆ? ವಾಣಿಜ್ಯಶಾಸ್ತ್ರ ಓದಿದ ನನ್ನಂಥವರನ್ನು ಬೆಚ್ಚಿಬೀಳಿಸುವ ಒಂದು ಉದಾಹರಣೆ ಇಲ್ಲಿದೆ. 1970ರ ದಶಕದಲ್ಲಿ ಫೋರ್ಡ್ ಸಂಸ್ಥೆಯವರು ಅಪಘಾತದಲ್ಲಿ ಇಂಧನ ಸೋರಿ ಬೆಂಕಿ ಹತ್ತುವುದನ್ನು ತಡೆಯುವ ಕ್ರಮದ ಬಗ್ಗೆ ಒಂದು ಲಾಭ–ನಷ್ಟದ ತಃಖ್ತೆಯನ್ನು ಸಿದ್ಧಪಡಿಸಿದರು. ವಾಹನಕ್ಕೆ 11 ಡಾಲರಿನಂತೆ ಒಂದೂಕಾಲು ಕೋಟಿ ವಾಹನಗಳಿಗೆ ತಗಲುವ ವೆಚ್ಚ 13 ಕೋಟಿ 70 ಲಕ್ಷ ಡಾಲರು. ಅದರಿಂದ ಉಳಿಯುವ ಜೀವಗಳು 180. ಒಂದು ಜೀವಕ್ಕೆ ಎರಡು ಲಕ್ಷ ಡಾಲರಿನಂತೆ ಬೆಲೆ ಕಟ್ಟಿ, ಸುಟ್ಟ ಗಾಯಗಳನ್ನೂ ಸುಟ್ಟ ವಾಹನಗಳನ್ನೂ ಸೇರಿಸಿದರೂ ಲಾಭದ ಮೊತ್ತ 4 ಕೋಟಿ 95 ಲಕ್ಷ ಡಾಲರು ಮಾತ್ರ. ಆದುದರಿಂದ ಖರ್ಚು ಸಮರ್ಥನೀಯವಲ್ಲ ಎಂಬುದು ತೀರ್ಮಾನ! ಈ ತಃಖ್ತೆ ಸರ್ಕಾರದ ನಿಯಮವೊಂದರ ಚರ್ಚೆಗಾಗಿ ತಯಾರಾದುದು, ಯಾವುದೋ ಒಂದು ಮಾದರಿಗೆ ಮಾತ್ರ ಸೀಮಿತವಾದುದಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅದೇ ಸಂಸ್ಥೆಯ ಪಿಂಟೊ ಕಾರಿನ ಇಂಧನ ಟ್ಯಾಂಕು ಹಿಂದಿನಿಂದ ಡಿಕ್ಕಿಯಾದಾಗ ಒಡೆದು ಬೆಂಕಿ ಹತ್ತುತ್ತಿದ್ದ ವಿಷಯ ಬಹಿರಂಗವಾಗಿ, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಜಮಾ–ಖರ್ಚಿನ ಎರಡು ಕಾಲಮುಗಳಲ್ಲಿ ಅಂಕಿಗಳು ಸರಿಯಾಗಿ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ.

2014ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಸರದಿ ಬಂದಿತು. ಕೆಲವು ಕಾರುಗಳ ಕೀಲಿಯ ಸ್ವಿಚ್ಚು ಓಡುತ್ತಿರುವಾಗಲೇ ಜಾರಿ ಎಂಜಿನ್ ನಿಂತುಹೋಗುತ್ತಿತ್ತು. ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುತ್ತಿರಲಿಲ್ಲ. ಸುಮಾರು 26 ಲಕ್ಷ ಕಾರುಗಳು ವಾಪಸಾದವು. ಸಂಸ್ಥೆಯೇ ಸ್ಥಾಪಿಸಿದ ಪರಿಹಾರ ನಿಧಿಯು 124 ಸಾವುಗಳಿಗೆ ಪರಿಹಾರವನ್ನು ಮಾನ್ಯ ಮಾಡಿತು. ಸಂಸ್ಥೆಯ ಕೆಲವು ನೌಕರರಿಗೆ ಈ ದೋಷ ಸುಮಾರು ಹತ್ತು ವರ್ಷಗಳಿಂದ ಗೊತ್ತಿತ್ತು. ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಪ್ರಸ್ತಾಪವಾದಂತೆ ಆ ಬಿಡಿಭಾಗದ ಬೆಲೆ ಕೇವಲ 57 ಸೆಂಟು, ಒಂದು ಡಾಲರಿಗಿಂತಲೂ ಕಡಿಮೆ. ಮರುವರ್ಷ ಸಂಸ್ಥೆಯು 90 ಕೋಟಿ ಡಾಲರು ದಂಡ ತೆರಲು ಒಪ್ಪಿಕೊಂಡಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹೋದ ಪ್ರಾಣದ ಮಾತನ್ನಂತೂ ಹೇಳಲೇಬೇಕಾಗಿಲ್ಲ.

ಟಕಾಟಾ ಕಲಿಸಿದ ಪಾಠ

ತಯಾರಕರು ಕರೆ ಕೊಟ್ಟರು ಎಂದಿಟ್ಟುಕೊಳ್ಳೋಣ. ಅಷ್ಟಕ್ಕೇ ಅಪಾಯ ಕಳೆಯಿತೇ? ಕಳೆಯುವುದಿಲ್ಲ ಎಂಬುದಕ್ಕೆ ಜಪಾನಿನ ಟಕಾಟಾ ಸಂಸ್ಥೆಯ ಏರ್‌ಬ್ಯಾಗ್ ಪ್ರಕರಣವೇ ಸಾಕ್ಷಿ.

ಅಪಘಾತವಾದಾಗ ಕಣ್ಣು ಮಿಟುಕಿಸುವುದರೊಳಗೆ ಏರ್‌ಬ್ಯಾಗನ್ನು ಅನಿಲದಿಂದ ತುಂಬಲು ಒಂದು ಲೋಹದ ಡಬ್ಬಿಯಲ್ಲಿ ಸ್ಫೋಟಕ ರಾಸಾಯನಿಕವನ್ನು ಇಟ್ಟಿರುತ್ತಾರೆ. ಟಕಾಟಾ ಸಂಸ್ಥೆಯು ಇದಕ್ಕಾಗಿ ಅಮೋನಿಯಂ ನೈಟ್ರೇಟನ್ನು ಬಳಸಿತು. ಸೆಖೆ ಮತ್ತು ತೇವಾಂಶಗಳಿಗೆ ವರ್ಷಗಟ್ಟಲೆ ಒಡ್ಡಿಕೊಂಡಾಗ ಈ ರಾಸಾಯನಿಕವು ಹದಗೆಟ್ಟು, ಬೇಕಾದುದಕ್ಕಿಂತ ರಭಸವಾಗಿ ಉರಿಯುತ್ತದೆ. ಆಗ ಡಬ್ಬಿಯೇ ಸಿಡಿದು ಅದರ ಚೂರುಗಳು ಚಾಲಕನ ಮುಖ ಮತ್ತು ಕುತ್ತಿಗೆಗೆ ನಾಟುತ್ತವೆ. ಪ್ರಾಣ ಕಾಯಬೇಕಾದ ಸಾಧನವೇ ಪ್ರಾಣಾಂತಕವಾಯಿತು. ಅಮೆರಿಕವೊಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗುಗಳು ವಾಪಸು ಕರೆಗೆ ಒಳಗಾದವು. ಅಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತರು, ನಾನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮಲೇಷ್ಯಾದಲ್ಲಿಯೂ ಸಾವುಗಳು ಸಂಭವಿಸಿದವು. 2017ರಲ್ಲಿ ಸಂಸ್ಥೆಯು ತಪ್ಪೊಪ್ಪಿಕೊಂಡು, ಅದೇ ವರ್ಷ ದಿವಾಳಿಯೂ ಆಯಿತು. ಭಾರತದಲ್ಲಿಯೂ ಹೋಂಡಾ ಮೊದಲಾದ ತಯಾರಕರು ಇದೇ ಕಾರಣಕ್ಕಾಗಿ ಹಲವು ಬಾರಿ ಹಳೆಯ ಕಾರುಗಳನ್ನು ಕರೆದಿದ್ದಾರೆ. ಸೆಖೆ ಮತ್ತು ತೇವಾಂಶಗಳೆರಡೂ ಧಾರಾಳವಾಗಿರುವ ಮುಂಬಯಿ, ಚೆನ್ನೈ, ಮಂಗಳೂರುಗಳಲ್ಲಿ ಹಳೆಯ ಕಾರನ್ನು ಇಟ್ಟುಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಲ್ಲಿ ಮುಖ್ಯ ವಿಷಯವೆಂದರೆ, ವಾಪಸು ಕರೆಗಳು 2008ರಿಂದಲೇ ಆರಂಭವಾಗಿದ್ದರೂ ಸಾವುಗಳು ನಿಲ್ಲಲಿಲ್ಲ. ಕಾರುಗಳು ಕೈಯಿಂದ ಕೈಗೆ ಹೋಗಿದ್ದವು. ಪತ್ರಗಳು ಮೊದಲನೆಯ ಮಾಲೀಕನ ಮನೆಗೆ ಹೋದವು; ಚಕ್ರದ ಹಿಂದೆ ಕುಳಿತಿದ್ದವನು ಮೂರನೆಯ ಮಾಲೀಕ. 2017ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಒಬ್ಬ ತರುಣಿ ಇಂತಹ ಏರ್‌ಬ್ಯಾಗ್ ಸಿಡಿದು ತೀವ್ರವಾಗಿ ಗಾಯಗೊಂಡಳು. ಅದು ಗುಜರಿಗೆ ಸೇರಿದ್ದ ಬೇರೊಂದು ಕಾರಿನಿಂದ ತೆಗೆದು ಅವಳ ಕಾರಿಗೆ ಹಾಕಿದ್ದ ಏರ್‌ಬ್ಯಾಗ್ ಎಂದು ತನಿಖೆಯಲ್ಲಿ ಹೊರಬಿತ್ತು. ದೋಷ ಪತ್ತೆಯಾಗಿತ್ತು, ಹೊಸ ಬಿಡಿಭಾಗವೂ ಸಿದ್ಧವಿತ್ತು; ಎಚ್ಚರಿಕೆ ಮಾತ್ರ ತಲುಪಬೇಕಾದವರನ್ನು ತಲುಪಿರಲಿಲ್ಲ.

ನಮ್ಮ ದೇಶದ ಕಾನೂನು

ನಮ್ಮಲ್ಲಿ ಬಹುಕಾಲ ವಾಪಸು ಕರೆಗೆ ಕಾನೂನಿನ ಕಟ್ಟುಪಾಡು ಇರಲಿಲ್ಲ. 2010ರಲ್ಲಿ ಮಾರುತಿ ಸುಜುಕಿ ಸಂಸ್ಥೆ ಇಂಧನ ಸೋರಿಕೆಯ ಕಾರಣಕ್ಕಾಗಿ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆದದ್ದು ಸ್ವಂತ ಇಚ್ಛೆಯಿಂದ. 2012ರಲ್ಲಿ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ತನ್ನ ಸದಸ್ಯರಿಗಾಗಿ ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿತು. ಕೊನೆಗೆ 2019ರ ತಿದ್ದುಪಡಿಯಿಂದ ಮೋಟಾರು ವಾಹನಗಳ ಕಾಯಿದೆಗೆ 110ಎ ಎಂಬ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಈ ಕಲಮಿನ ಸಾರಾಂಶ ಹೀಗಿದೆ. ಚಾಲಕನಿಗೆ, ಪ್ರಯಾಣಿಕರಿಗೆ, ರಸ್ತೆಯ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ಮಾಡಬಹುದಾದ ದೋಷವು ಮಾಲೀಕರ ದೂರುಗಳಿಂದಾಗಲಿ, ಪರೀಕ್ಷಾ ಸಂಸ್ಥೆಯಿಂದಾಗಲಿ ಕಂಡುಬಂದರೆ, ಕೇಂದ್ರ ಸರ್ಕಾರವು ಆ ಬಗೆಯ ವಾಹನಗಳನ್ನು ವಾಪಸು ಕರೆಯುವಂತೆ ತಯಾರಕರಿಗೆ ಆಜ್ಞಾಪಿಸಬಹುದು. ತಯಾರಕರು ವಾಹನವನ್ನು ದುರಸ್ತಿ ಮಾಡಿಕೊಡಬೇಕು, ಇಲ್ಲವೆ ಅದೇ ದರ್ಜೆಯ ಅಥವಾ ಉತ್ತಮ ದರ್ಜೆಯ ಬೇರೆ ವಾಹನ ಕೊಡಬೇಕು, ಇಲ್ಲವೆ ಪೂರ್ಣ ಬೆಲೆಯನ್ನು ಮರಳಿಸಬೇಕು. ತಾವಾಗಿಯೇ ದೋಷವನ್ನು ಕಂಡು ಸರ್ಕಾರಕ್ಕೆ ತಿಳಿಸಿ ಕರೆ ಕೊಟ್ಟ ತಯಾರಕರಿಗೆ ಈ ಕಲಮಿನಡಿ ದಂಡವಿಲ್ಲ. ಕಾನೂನನ್ನು ಉಲ್ಲಂಘಿಸುವ ತಯಾರಕರಿಗಾದರೋ ನೂರು ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ.

ಎರಡು ಮಿತಿಗಳನ್ನು ಮಾಲೀಕರು ನೆನಪಿಡಬೇಕು. ಮೊದಲನೆಯದಾಗಿ, ಸರ್ಕಾರದ ಕಡ್ಡಾಯ ವಾಪಸು ಕರೆಯ ನಿಯಮ ಏಳು ವರ್ಷ ಮೀರದ ವಾಹನಗಳಿಗೆ ಅನ್ವಯವಾಗುವಂಥದು. ಅದಕ್ಕಿಂತ ಹಳೆಯ ಕಾರುಗಳನ್ನೂ ತಯಾರಕರು ಸ್ವಯಂಪ್ರೇರಿತವಾಗಿ ಕರೆಯುವುದುಂಟು. ಆದರೆ ವಿಚಾರಿಸಿ ತಿಳಿಯುವ ಹೊಣೆ ಮಾಲೀಕನ ಮೇಲೆ ಹೆಚ್ಚಾಗಿ ಬೀಳುತ್ತದೆ. ಎರಡನೆಯದಾಗಿ, ಬೆಲೆ ಮರಳಿಸುವ ಮಾತು ಸಾಲದ ಕರಾರಿಗೆ ಒಳಪಟ್ಟಿದೆ. ವಾಹನವು ಬ್ಯಾಂಕಿಗೆ ಹೈಪಾಥಿಕೇಶನ್ ಆಗಿದ್ದರೆ ಮರಳುವ ಹಣದಲ್ಲಿ ಮೊದಲ ಹಕ್ಕು ಸಾಲ ಕೊಟ್ಟವರದು. ಇನ್ನೊಂದು ಮಾತು: ಕಾರು ವಾಪಸು ಕರೆಗಾಗಿ ಕಾರ್ಯಾಗಾರದಲ್ಲಿ ನಿಂತಿದೆಯೆಂದು ಸಾಲದ ಕಂತನ್ನು ನಿಲ್ಲಿಸಬಾರದು. ಸಾಲದ ಒಪ್ಪಂದ ಬ್ಯಾಂಕಿನೊಡನೆ, ದೋಷದ ತಕರಾರು ತಯಾರಕರೊಡನೆ. ಕಂತು ತಪ್ಪಿದರೆ ಸಾಲಗಾರನ ಯೋಗ್ಯತಾ ಅಂಕಕ್ಕೆ ಕುಂದು ಬರುತ್ತದೆ.

ವಿಳಾಸವೆಂಬ ಸುರಕ್ಷಾ ಸಾಧನ

ಸೀಟು ಬೆಲ್ಟು, ಏರ್‌ಬ್ಯಾಗು, ಬ್ರೇಕುಗಳನ್ನು ಸುರಕ್ಷಾ ಸಾಧನಗಳೆನ್ನುತ್ತೇವೆ. ನೋಂದಣಿ ಪತ್ರದಲ್ಲಿರುವ ಹೆಸರು ಮತ್ತು ವಿಳಾಸಗಳೂ ಅಷ್ಟೇ ಮುಖ್ಯವಾದ ಸುರಕ್ಷಾ ಸಾಧನಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ತಯಾರಕರು ಮಾಲೀಕರನ್ನು ಹುಡುಕುವುದು ತಮ್ಮ ಮಾರಾಟದ ಮತ್ತು ಸರ್ವಿಸಿನ ದಾಖಲೆಗಳ ಹಾಗೂ ನೋಂದಣಿಯ ವಿವರಗಳ ಮೂಲಕವೇ.

ಈ ವಿಷಯದಲ್ಲಿ ಹೊರನಾಡ ಕನ್ನಡಿಗರಾದ ನಾವು ಹೆಚ್ಚು ಎಚ್ಚರಿಕೆಯಿಂದ ಇರಬೇಕು. ಹುಬ್ಬಳ್ಳಿಯಲ್ಲಿ ಕೊಂಡ ಕಾರು ಪುಣೆಗೆ ಬರುತ್ತದೆ, ಅಲ್ಲಿಂದ ವರ್ಗವಾಗಿ ಹೈದರಾಬಾದಿಗೆ ಹೋಗುತ್ತದೆ. ದಾಖಲೆಯಲ್ಲಿ ಮಾತ್ರ ಊರ ಮನೆಯ ವಿಳಾಸ, ಎಂದೋ ಬಿಟ್ಟ ಮೊಬೈಲ್ ಸಂಖ್ಯೆ. ತೀರಿಕೊಂಡ ತಂದೆಯವರ ಹೆಸರಿನಲ್ಲಿಯೇ ಕಾರನ್ನು ಮಗ ವರ್ಷಗಟ್ಟಲೆ ಓಡಿಸುವುದೂ ಉಂಟು. ವಾಹನ ಸಾಲದ ಕಡತಗಳನ್ನು ನೋಡುವ ನಮಗೆ ಇಂತಹ ದಾಖಲೆಗಳು ಹೊಸವಲ್ಲ. ಕಾನೂನಾದರೋ ಸ್ಪಷ್ಟವಾಗಿದೆ. ವಿಳಾಸ ಬದಲಾದರೆ 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ ವಾಹನವನ್ನು 12 ತಿಂಗಳಿಗೂ ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಹಳೆಯ ಕಾರು ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಪದೇ ಪದೇ ವರ್ಗವಾಗುವ ನೌಕರರಿಗಾಗಿ 2021ರಿಂದ ಬಿಎಚ್ ಸರಣಿಯ ನೋಂದಣಿಯೂ ದೊರೆಯುತ್ತಿದೆ. ಇವನ್ನು ಕೇವಲ ತೆರಿಗೆಯ ಉಪದ್ರವವೆಂದು ಬಗೆಯದೆ, ಎಚ್ಚರಿಕೆಯ ಪತ್ರ ಮನೆ ಬಾಗಿಲಿಗೆ ಬರುವ ದಾರಿಯೆಂದು ತಿಳಿಯಬೇಕು.

ಮಾಲೀಕರು ಮಾಡಬೇಕಾದುದೇನು?

1. ಚಾಸಿಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಇದು 17 ಅಕ್ಷರ ಮತ್ತು ಅಂಕಿಗಳ ಗುರುತು. ನೋಂದಣಿ ಪತ್ರದಲ್ಲಿಯೂ ವಿಮಾ ಪತ್ರದಲ್ಲಿಯೂ ಇರುತ್ತದೆ. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ; ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ ಎಂದು ತಿಳಿಯಿರಿ.

2. ವರ್ಷಕ್ಕೆ ಎರಡು ಬಾರಿಯಾದರೂ ತಯಾರಕರ ಅಂತರ್ಜಾಲ ತಾಣದಲ್ಲಿ ಈ ಸಂಖ್ಯೆಯನ್ನು ಕೊಟ್ಟು, ಅಥವಾ ಅಧಿಕೃತ ಕಾರ್ಯಾಗಾರದಲ್ಲಿ ಕೇಳಿ, ಬಾಕಿ ಇರುವ ವಾಪಸು ಕರೆ ಇದೆಯೇ ಎಂದು ನೋಡಿರಿ. ವಿಮೆ ನವೀಕರಿಸುವ ದಿನವನ್ನು ಇದಕ್ಕೆ ಒಂದು ನೆಪವಾಗಿ ಇಟ್ಟುಕೊಂಡರೆ ಮರೆಯುವುದಿಲ್ಲ.

3. ಹಳೆಯ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲೇ ಈ ಪರೀಕ್ಷೆ ಮಾಡಿರಿ. ಕೊಂಡ ಮೇಲೆ ನಿಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ತಯಾರಕರ ಗ್ರಾಹಕ ವಿಭಾಗದಲ್ಲಿ ದಾಖಲಿಸಿರಿ.

4. ಸೂಚನೆ ಬಂದಾಗ ಅದನ್ನು ಪೂರ್ತಿಯಾಗಿ ಓದಿರಿ. "ಅನುಕೂಲವಾದ ದಿನ ಬನ್ನಿರಿ" ಎಂಬುದಕ್ಕೂ "ಬದಲಾಯಿಸುವವರೆಗೆ ಚಲಾಯಿಸಬೇಡಿರಿ" ಎಂಬುದಕ್ಕೂ ಅಜಗಜಾಂತರವಿದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕಾಗಿ 17,362 ಕಾರುಗಳನ್ನು ಕರೆದಾಗ ಮಾರುತಿ ಸುಜುಕಿ ಸಂಸ್ಥೆ ಎರಡನೆಯ ಬಗೆಯ ಸಲಹೆಯನ್ನೇ ಕೊಟ್ಟಿತ್ತು.

5. ವಾಪಸು ಕರೆಯ ಕೆಲಸ ಉಚಿತ. ಆ ಹೆಸರಿನಲ್ಲಿ ಯಾರಾದರೂ ದೂರವಾಣಿಯಲ್ಲಿ ಹಣ, ಓಟಿಪಿ ಅಥವಾ ಬ್ಯಾಂಕ್ ಖಾತೆಯ ವಿವರ ಕೇಳಿದರೆ ಅದು ವಂಚನೆಯೆಂದೇ ತಿಳಿದು, ನಿಮಗೆ ಗೊತ್ತಿರುವ ಕಾರ್ಯಾಗಾರದ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿರಿ.

6. ಕಾರನ್ನು ಕೊಂಡ ಊರಿಗೇ ಒಯ್ಯಬೇಕಾಗಿಲ್ಲ. ಸಾಮಾನ್ಯವಾಗಿ ದೇಶದ ಯಾವುದೇ ಅಧಿಕೃತ ಕಾರ್ಯಾಗಾರದಲ್ಲಿ ಈ ಕೆಲಸವಾಗುತ್ತದೆ. ಕೆಲಸವಾದ ಮೇಲೆ ಯಾವ ಭಾಗವನ್ನು ಬದಲಿಸಿದರೆಂದು ಬರೆದ ರಸೀದಿಯನ್ನು ಪಡೆದು ಜೋಪಾನವಾಗಿಡಿರಿ. ಮುಂದೆ ಕಾರು ಮಾರುವಾಗ ಅದು ಉಪಯೋಗಕ್ಕೆ ಬರುತ್ತದೆ.

7. ಬಿಡಿಭಾಗ ಇನ್ನೂ ಬಂದಿಲ್ಲವೆಂದರೆ, ಅಲ್ಲಿಯವರೆಗೆ ವಾಹನ ಚಲಾಯಿಸಬಹುದೇ ಎಂಬುದಕ್ಕೆ ಲಿಖಿತ ಉತ್ತರ ಕೇಳಿರಿ.

8. ಕೆಲವು ಅಪಾಯಗಳನ್ನು ನಾವೇ ತಂದುಕೊಳ್ಳುತ್ತೇವೆ. 2009ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸಮೀಪ ಕಾರಿಗೆ ಹೊಂದದ ನೆಲಹಾಸಿಗೆ ವೇಗವರ್ಧಕದ ಪೆಡಲು ಸಿಕ್ಕಿಕೊಂಡು ನಾಲ್ವರು ಸತ್ತರು. ಅದರ ಬೆನ್ನಿಗೆ ಟೊಯೊಟಾ ಸಂಸ್ಥೆ ಸುಮಾರು 38 ಲಕ್ಷ ವಾಹನಗಳನ್ನು ಕರೆಯಬೇಕಾಯಿತು. ಅಂದಕ್ಕಾಗಿ ಒಂದರ ಮೇಲೊಂದು ನೆಲಹಾಸು ಹಾಕುವ ಅಭ್ಯಾಸ ನಮ್ಮಲ್ಲಿಯೂ ಇದೆ. ಚಾಲಕನ ಕಾಲಿನ ಕೆಳಗಾದರೂ ಅದನ್ನು ಬಿಡಬೇಕು.

9. ದೋಷ ಕಂಡರೆ ಬಾಯಿ ಮಾತಿನಲ್ಲಿ ಮುಗಿಸಬೇಡಿರಿ. ದಿನಾಂಕ, ಓಡಿದ ಕಿಲೋಮೀಟರು, ಸಂದರ್ಭಗಳನ್ನು ಬರೆದು ತಯಾರಕರಿಗೆ ಕಳುಹಿಸಿರಿ. ಸಾರಿಗೆ ಸಚಿವಾಲಯದ ವಾಹನ್ ತಾಣದಲ್ಲಿಯೂ ದೂರು ದಾಖಲಿಸಬಹುದು. ಕಡ್ಡಾಯ ವಾಪಸು ಕರೆಗೆ ಮಾಲೀಕರ ದೂರುಗಳ ಸಂಖ್ಯೆಯೂ ಆಧಾರವಾಗುವುದರಿಂದ ನಿಮ್ಮ ಒಂದು ದೂರು ವ್ಯರ್ಥವಲ್ಲ. ಪರಿಹಾರ ಸಿಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ, ಗ್ರಾಹಕ ಆಯೋಗವೂ ಇವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ಸರಕಿನಿಂದ ಆದ ಹಾನಿಗೆ ತಯಾರಕರನ್ನು ಹೊಣೆಗಾರರನ್ನಾಗಿ ಮಾಡಿದೆ.

ದ್ವಿಚಕ್ರ ವಾಹನಗಳ ಮಾಲೀಕರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ಇಗ್ನಿಷನ್ ಕಾಯಿಲಿನ ದೋಷಕ್ಕಾಗಿ 2,36,966 ಮೋಟಾರ್ ಸೈಕಲ್ಲುಗಳನ್ನು ಕರೆಯಿತು. 2022ರಲ್ಲಿ ಬೆಂಕಿ ಹತ್ತಿದ ಪ್ರಕರಣಗಳ ಬಳಿಕ ಹಲವು ಸಂಸ್ಥೆಗಳ ವಿದ್ಯುತ್ ಸ್ಕೂಟರುಗಳೂ ವಾಪಸಾದವು.

ಕೊನೆಯ ಮಾತು

ತಯಾರಕರ ಮೇಲೆ ಸರ್ಕಾರದ ಅಂಕುಶವಿರಬೇಕು, ಕಾನೂನು ಇನ್ನೂ ಬಿಗಿಯಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅತ್ಯುತ್ತಮವಾದ ಕಾನೂನು ಕೂಡ ತಪ್ಪು ವಿಳಾಸಕ್ಕೆ ಹೋದ ಪತ್ರವನ್ನು ಸರಿಯಾದ ಕೈಗೆ ತಲುಪಿಸಲಾರದು. ಆ ಕೆಲಸ ನಮ್ಮದು. ಈ ಸ್ಮರಣ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ವಾಚಕರು ಕಪಾಟಿನಿಂದ ನೋಂದಣಿ ಪತ್ರವನ್ನು ಹೊರತೆಗೆದು, ಅದರಲ್ಲಿರುವ ಹೆಸರು ಮತ್ತು ವಿಳಾಸ ಇಂದಿನವೇ ಎಂದು ಒಮ್ಮೆ ನೋಡಲಿ. ಊರಿನಲ್ಲಿರುವ ತಂದೆ–ತಾಯಿಯರ ಹಳೆಯ ಕಾರಿನ ಪತ್ರವನ್ನೂ ಮುಂದಿನ ಸಲ ಹೋದಾಗ ನೋಡಲಿ. ಹತ್ತು ನಿಮಿಷದ ಕೆಲಸ. ಅದರಲ್ಲಿ ಕುಳಿತು ತಿರುಗಾಡುವವರು ನಮ್ಮವರೇ ಅಲ್ಲವೇ?